ಶಾಸಕರ ಮತಕ್ಕೂ ಒಂದು ತೂಕದ ಚೀಟಿ ಬೇಕು



ಸಂಘದ ಕೆಲಸದ ನಿಮಿತ್ತ ಈಚೆಗೆ ಬೆಂಗಳೂರಿಗೆ ಹೋಗಿದ್ದ ನಾವು ಆರ್.ಟಿ. ನಗರದಲ್ಲಿ ನಮ್ಮ ಸದಸ್ಯರೊಬ್ಬರ ಮಗನ ಮನೆಯಲ್ಲಿ ಎರಡು ರಾತ್ರಿ ತಂಗಿದ್ದೆವು. ಊಟವಾದ ಮೇಲೆ ಮಾತು ಅಡಿಕೆ ಧಾರಣೆಯಿಂದ ಹೊರಟು, ಎಂದಿನಂತೆ ರಾಜಕೀಯಕ್ಕೆ ಹೊರಳಿತು. ಆಗ ಆ ಹುಡುಗ ಕೇಳಿದ: "ನಮ್ಮೂರಿನ ಎಂ.ಎಲ್.ಎ. ವಿಧಾನಸಭೆಯಲ್ಲಿ ಯಾವ ಮಸೂದೆಗೆ ಹೌದೆಂದರು, ಯಾವುದಕ್ಕೆ ಇಲ್ಲವೆಂದರು, ನಿಮಗೆ ಗೊತ್ತಿದೆಯೇ?"

ನಮಗೆ ಗೊತ್ತಿರಲಿಲ್ಲ. ಅವನ ತಂದೆಯ ತೋಟದಲ್ಲಿ ಯಾವ ಸಾಲಿಗೆ ಕೊಳೆರೋಗ ತಗುಲಿತ್ತು, ಬೋರ್ಡೋ ಎಷ್ಟು ಸಲ ಹೊಡೆಸಿದರು ಎಂಬುದನ್ನು ಹೇಳಬಲ್ಲೆವು. ಶಾಸಕರು ಯಾರ ಮದುವೆಗೆ ಬಂದರು, ಯಾವ ಸೇತುವೆಗೆ ಗುದ್ದಲಿ ಪೂಜೆ ಮಾಡಿದರು ಎಂಬುದನ್ನೂ ಹೇಳಬಲ್ಲೆವು. ಆದರೆ ನಾವು ಅವರನ್ನು ಯಾವ ಕೆಲಸಕ್ಕಾಗಿ ಆರಿಸಿ ಕಳುಹಿಸಿದೆವೋ ಆ ಕೆಲಸದ ಲೆಕ್ಕ ನಮ್ಮಲ್ಲಿಲ್ಲ. ಈ ಬಗ್ಗೆ ನಾಲ್ಕು ಮಾತು ಬರೆಯುವುದು ಅಗತ್ಯವೆಂದು ತೋರಿತು.

ಈ ಪ್ರಶ್ನೆ ಆರ್.ಟಿ. ನಗರದಲ್ಲಿ ಎದ್ದದ್ದು ಕಾಕತಾಳೀಯವಾದರೂ ಸ್ಥಳಕ್ಕೆ ಒಪ್ಪುವಂತಹದ್ದೇ. ಮಾಜಿ ಮುಖ್ಯಮಂತ್ರಿ ಶ್ರೀ ಬಸವರಾಜ ಬೊಮ್ಮಾಯಿಯವರ ಮನೆ ಈ ಬಡಾವಣೆಯಲ್ಲಿಯೇ ಇದೆ. ಅವರ ತಂದೆ ಶ್ರೀ ಎಸ್.ಆರ್. ಬೊಮ್ಮಾಯಿಯವರ ಸರ್ಕಾರ 1989ರ ಏಪ್ರಿಲ್ ತಿಂಗಳಲ್ಲಿ ಹೋದದ್ದು ಸದನದ ಮತದಿಂದಲ್ಲ, ಕಾಗದಗಳಿಂದ. ಬೆಂಬಲ ಹಿಂತೆಗೆದುಕೊಂಡಿದ್ದೇವೆ ಎಂಬ 19 ಶಾಸಕರ ಪತ್ರಗಳು ರಾಜ್ಯಪಾಲರ ಕೈ ಸೇರಿದವು. ಅವರಲ್ಲಿ 7 ಮಂದಿ ಮರುದಿನವೇ ತಮ್ಮ ಮಾತನ್ನು ಹಿಂತೆಗೆದುಕೊಂಡರು. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದು ಮುಖ್ಯಮಂತ್ರಿಗಳು ಹೇಳಿದರೂ ಕೇಳದೆ ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 1994ರ ಮಾರ್ಚ್ 11ರಂದು ಕೊಟ್ಟ ತೀರ್ಪು, ಬಹುಮತದ ಪರೀಕ್ಷೆ ನಡೆಯಬೇಕಾದ ಜಾಗ ಸದನವೇ ಹೊರತು ರಾಜಭವನವಲ್ಲ ಎಂದು ಸಾರಿತು. ಶಾಸಕನ ಮಾತಿಗೆ ಬೆಲೆ ಬರುವುದು ಅದು ಎಲ್ಲರೆದುರು ಎಣಿಕೆಯಾದಾಗ ಮಾತ್ರ ಎಂಬುದೇ ಇದರಲ್ಲಿ ನಾವು ಕಲಿಯಬೇಕಾದ ಪಾಠ.

ಇನ್ನು ಈಚಿನ ಸಂಗತಿಗೆ ಬರೋಣ. ಮಗ ಬೊಮ್ಮಾಯಿಯವರ ಸಂಪುಟದಲ್ಲಿ ಸಹಕಾರ ಸಚಿವರಾಗಿದ್ದವರು ಯಶವಂತಪುರ ಕ್ಷೇತ್ರದ ಶ್ರೀ ಎಸ್.ಟಿ. ಸೋಮಶೇಖರ್. ಕಾರ್ಮಿಕ ಸಚಿವರಾಗಿದ್ದವರು ಅಡಿಕೆ ನಾಡಾದ ಯಲ್ಲಾಪುರದ ಶ್ರೀ ಶಿವರಾಮ ಹೆಬ್ಬಾರ್. ಸಹಕಾರ ಸಂಘದವರಿಗೂ ಅಡಿಕೆ ಬೆಳೆಗಾರರಿಗೂ ಇವರಿಬ್ಬರ ಹೆಸರು ಹೊಸತಲ್ಲ. ಇಬ್ಬರೂ 2018ರಲ್ಲಿ ಕಾಂಗ್ರೆಸ್ ಚಿಹ್ನೆಯ ಮೇಲೆ ಗೆದ್ದವರು. 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟವರ ಗುಂಪಿನಲ್ಲಿ ಇವರೂ ಇದ್ದರು. ಜುಲೈ 23ರಂದು ಶ್ರೀ ಕುಮಾರಸ್ವಾಮಿಯವರ ಸರ್ಕಾರ 99 ಕ್ಕೆ 105 ಮತಗಳಿಂದ ಬಿತ್ತು. ಸಭಾಧ್ಯಕ್ಷರು ಒಟ್ಟು 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿ ಹಿಡಿದು, ಮತ್ತೆ ಸ್ಪರ್ಧಿಸಲು ಮಾತ್ರ ಅಡ್ಡಿಯಿಲ್ಲ ಎಂದಿತು. ಡಿಸೆಂಬರ್ ಉಪಚುನಾವಣೆಯಲ್ಲಿ ಇಬ್ಬರೂ ಭಾರತೀಯ ಜನತಾ ಪಕ್ಷದಿಂದ ಗೆದ್ದು ಬಂದರು, ಮಂತ್ರಿಗಳೂ ಆದರು. 2023ರಲ್ಲಿ ಅದೇ ಪಕ್ಷದಿಂದ ಮತ್ತೊಮ್ಮೆ ಗೆದ್ದರು.

2024ರ ಫೆಬ್ರವರಿ 27ರಂದು ರಾಜ್ಯಸಭೆಯ ನಾಲ್ಕು ಸ್ಥಾನಗಳಿಗೆ ಐವರು ನಿಂತಿದ್ದರು. ಶ್ರೀ ಸೋಮಶೇಖರ್ ಪಕ್ಷದ ಸೂಚನೆಯನ್ನು ಮೀರಿ ಕಾಂಗ್ರೆಸ್ಸಿಗೆ ಮತ ಕೊಟ್ಟರು. ಶ್ರೀ ಹೆಬ್ಬಾರ್ ಮತಗಟ್ಟೆಗೇ ಬರಲಿಲ್ಲ. ಮೈತ್ರಿಕೂಟದ ಎರಡನೆಯ ಅಭ್ಯರ್ಥಿ ಶ್ರೀ ಕುಪೇಂದ್ರ ರೆಡ್ಡಿ 36 ಮತ ಪಡೆದು ಸೋತರು. 2025ರ ಮೇ ತಿಂಗಳಲ್ಲಿ ಪಕ್ಷ ಇಬ್ಬರನ್ನೂ ಆರು ವರ್ಷಗಳ ಕಾಲ ಉಚ್ಚಾಟಿಸಿತು. ಇದು ಒಂದೇ ಪಕ್ಷದ ಮನೆಯ ಜಗಳವೆಂದು ಯಾರೂ ನಗಬೇಕಾಗಿಲ್ಲ. 2016ರ ರಾಜ್ಯಸಭಾ ಚುನಾವಣೆಯಲ್ಲಿ ಜೆ.ಡಿ.ಎಸ್.ನ ಎಂಟು ಮಂದಿ ಶಾಸಕರು ಇದೇ ರೀತಿ ಅಡ್ಡ ಮತ ಹಾಕಿದ್ದರು. ಎಲ್ಲರ ತೋಟದಲ್ಲೂ ಈ ಕಳೆ ಇದೆ.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವನ್ನು ಸದಸ್ಯರು ಗಮನಿಸಬೇಕು. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ, ಸದನದಲ್ಲಿ ಪಕ್ಷದ ವಿಪ್ ಮೀರಿ ಮತ ಹಾಕಿದ ಅಥವಾ ಮತ ಹಾಕದೆ ಉಳಿದ ಶಾಸಕನನ್ನು ಪಕ್ಷ ಹದಿನೈದು ದಿನಗಳೊಳಗೆ ಮನ್ನಿಸದಿದ್ದರೆ, ಅವನು ತನ್ನ ಸ್ಥಾನ ಕಳೆದುಕೊಳ್ಳಬೇಕಾಗುತ್ತದೆ. ಆದರೆ ರಾಜ್ಯಸಭೆಯ ಚುನಾವಣೆ ಸದನದ ಕಲಾಪವಲ್ಲ. ಅಲ್ಲಿ ಅಡ್ಡ ಮತ ಹಾಕಿದರೆ ಅಷ್ಟಕ್ಕೇ ಸ್ಥಾನ ಹೋಗುವುದಿಲ್ಲ. ಪಕ್ಷದಿಂದ ಉಚ್ಚಾಟಿಸಿದರೂ ಅಷ್ಟರಿಂದಲೇ ಹೋಗುವುದಿಲ್ಲ. 2003ರ ತಿದ್ದುಪಡಿಯಿಂದೀಚೆಗೆ ಆ ಚುನಾವಣೆಯಲ್ಲಿ ಶಾಸಕನು ತನ್ನ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ಪಕ್ಷಕ್ಕೆ ತೋರಿಸಬೇಕು, ಮತದಾರನಿಗೆ ತೋರಿಸಬೇಕಾಗಿಲ್ಲ! ನಮಗೆ ಸುದ್ದಿ ತಿಳಿಯುವುದು ಪತ್ರಿಕೆಯವರ ದಯೆಯಿಂದ.

ಈಗ ನಮ್ಮ ಹೊಟ್ಟೆಪಾಡಿನ ವಿಷಯಕ್ಕೆ ಬರೋಣ. 2020ರಲ್ಲಿ ಎ.ಪಿ.ಎಂ.ಸಿ. ಕಾಯ್ದೆಗೆ ತಿದ್ದುಪಡಿ ತಂದು ಮಾರುಕಟ್ಟೆ ಅಂಗಳದ ಹೊರಗೂ ಖರೀದಿಗೆ ಅವಕಾಶ ಮಾಡಲಾಯಿತು. ಅದೇ ವರ್ಷ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದೆಂದು ಮಾಡಲಾಯಿತು. ಮೊದಲು ವಿರೋಧಿಸಿದ್ದ ಜೆ.ಡಿ.ಎಸ್. ಡಿಸೆಂಬರಿನಲ್ಲಿ ವಿಧಾನ ಪರಿಷತ್ತಿನಲ್ಲಿ ಭೂಸುಧಾರಣಾ ಮಸೂದೆಯನ್ನು ಬೆಂಬಲಿಸಿತು. ಈ ಕಾಯ್ದೆಗಳು ಒಳ್ಳೆಯವೋ ಕೆಟ್ಟವೋ ಎಂಬ ಬಗ್ಗೆ ನಮ್ಮ ಸದಸ್ಯರಲ್ಲಿಯೇ ಎರಡು ಅಭಿಪ್ರಾಯವಿದೆ. ಮಾಲಿಗೆ ಇನ್ನೊಬ್ಬ ಗಿರಾಕಿ ಬಂದರೆ ಬರಲಿ ಎನ್ನುವವರಿದ್ದಾರೆ. ಪಕ್ಕದ ತೋಟವನ್ನು ಪೇಟೆಯ ಹಣವಂತ ಕೊಂಡು ರೆಸಾರ್ಟು ಕಟ್ಟಿದರೆ ನಮ್ಮ ನೀರಿನ ಗತಿಯೇನು ಎನ್ನುವವರೂ ಇದ್ದಾರೆ. ಅದನ್ನು ಇಲ್ಲಿ ಚರ್ಚಿಸುವುದಿಲ್ಲ. ನಾವು ಕೇಳುವುದಿಷ್ಟೇ: ಮಲೆನಾಡಿನ, ಕೊಡಗಿನ, ಕರಾವಳಿಯ ಶಾಸಕರಲ್ಲಿ ಒಬ್ಬೊಬ್ಬರೂ ಅಂದು ಹೌದೆಂದರೋ, ಇಲ್ಲವೆಂದರೋ, ಹೊರಗೆ ಕಾಫಿ ಕುಡಿಯುತ್ತಿದ್ದರೋ?

ಇದಕ್ಕೆ ಸುಲಭವಾದ ಉತ್ತರವಿಲ್ಲ. ನಮ್ಮ ಸದನಗಳಲ್ಲಿ ಬಹುಪಾಲು ಮಸೂದೆಗಳು ಧ್ವನಿಮತದಿಂದ ಪಾಸಾಗುತ್ತವೆ. ಗದ್ದಲದ ನಡುವೆ 'ಹೌದು' ಎಂಬ ಕೂಗು ದೊಡ್ಡದಾಗಿ ಕೇಳಿಸಿದರೆ ಆಯಿತು. ಸದಸ್ಯರು ಪಟ್ಟು ಹಿಡಿದು ಕೇಳಿದರೆ ಮಾತ್ರ ಮತವಿಭಜನೆ, ಆಗ ಮಾತ್ರ ಎಣಿಕೆ. ಕೂಗಿಗೆ ಹೆಸರಿಲ್ಲ, ಊರಿಲ್ಲ. ಕುರ್ಚಿಯ ಪ್ರಶ್ನೆ ಬಂದಾಗ ಸಾಲುಸಾಲಾಗಿ ನಿಲ್ಲಿಸಿ ತಲೆ ಎಣಿಸುತ್ತಾರೆ. ನಮ್ಮ ಜಮೀನಿನ ಪ್ರಶ್ನೆ ಬಂದಾಗ ಗಂಟಲಿನ ಅಳತೆ ಸಾಕೆನ್ನುತ್ತಾರೆ!

ವಿಪ್ ಎಂಬುದೇ ಬೇಡವೆಂದು ನಾವು ಹೇಳುವುದಿಲ್ಲ. 1967ರಲ್ಲಿ ಹರಿಯಾಣದ ಗಯಾಲಾಲ್ ಎಂಬ ಶಾಸಕರು ಹದಿನೈದು ದಿನಗಳಲ್ಲಿ ಮೂರು ಸಲ ಪಕ್ಷ ಬದಲಿಸಿದ ಕಥೆ ಹಳಬರಿಗೆ ನೆನಪಿದ್ದೀತು. ಪಕ್ಷದ ಚಿಹ್ನೆ ನೋಡಿ ಮತ ಕೊಟ್ಟವನಿಗೆ ಚಿಹ್ನೆಯ ಮೇಲೆ ಹಕ್ಕಿದೆ. ಸರ್ಕಾರದ ಅಳಿವು ಉಳಿವಿನ ಮತದಲ್ಲಿ, ಬಜೆಟ್ಟಿನಲ್ಲಿ ಪಕ್ಷ ತನ್ನವರನ್ನು ಹಗ್ಗ ಹಾಕಿ ಹಿಡಿಯುವುದು ನ್ಯಾಯವೇ. ಆದರೆ ಅಡಿಕೆಯ ಮೇಲಿನ ಮಸೂದೆಯೊಂದರಲ್ಲಿ ಅಡಿಕೆ ನಾಡಿನ ಶಾಸಕ ತನ್ನ ಜನರ ಕಷ್ಟ ನೋಡಿ ಇಲ್ಲವೆಂದರೆ ಸರ್ಕಾರ ಉರುಳುವುದಿಲ್ಲ. ಅಂತಹ ಕಡೆಯೂ ಹಗ್ಗವೇಕೆ? 1990ರ ದಿನೇಶ್ ಗೋಸ್ವಾಮಿ ಸಮಿತಿ ಈ ಅನರ್ಹತೆಯನ್ನು ವಿಶ್ವಾಸ ಮತದಂತಹ ಸಂದರ್ಭಗಳಿಗೆ ಸೀಮಿತಗೊಳಿಸಬೇಕೆಂದಿತ್ತು. 1999ರಲ್ಲಿ ಕಾನೂನು ಆಯೋಗ ತನ್ನ 170ನೆಯ ವರದಿಯಲ್ಲಿ, ಸರ್ಕಾರಕ್ಕೆ ಅಪಾಯವಿರುವಾಗ ಮಾತ್ರ ವಿಪ್ ಹೊರಡಿಸಬೇಕೆಂದಿತ್ತು. ಎರಡೂ ಸಲಹೆಗಳು ಕಪಾಟಿನಲ್ಲಿಯೇ ಉಳಿದಿವೆ.

ಇದರ ಪರಿಣಾಮವನ್ನು ನೋಡಿ. ಜನರ ಬದುಕಿನ ಮಸೂದೆಗಳಲ್ಲಿ ಶಾಸಕನ ಮತ ಪಕ್ಷದ ಮತಕ್ಕಿಂತ ಬೇರೆಯಾದದ್ದು ಕಾಣುವುದೇ ಇಲ್ಲ. ಬೇರೆಯಾಗುವುದು ಗದ್ದುಗೆಯ ಲೆಕ್ಕಾಚಾರದಲ್ಲಿ ಮಾತ್ರ. ಆಗ ಆತ್ಮಸಾಕ್ಷಿ ಎಂಬ ಮಾತು, ಕ್ಷೇತ್ರದ ಅನುದಾನ ಎಂಬ ಮಾತು ಕೇಳಿಬರುತ್ತವೆ. ಆ ಆತ್ಮಸಾಕ್ಷಿ ನಿಜವೇ ಇರಬಹುದು, ಅಲ್ಲವೆನ್ನಲು ನಾವು ಯಾರು? ಆದರೆ ಅದು ಜಮೀನಿನ ಮಸೂದೆಯ ದಿನವೂ ಎಚ್ಚರವಾಗಿತ್ತೇ ಎಂದು ತಿಳಿಯಲು ದಾಖಲೆ ಬೇಕು. ಒಂದು ದಿನದ ಅಡ್ಡ ಮತವನ್ನು ನೋಡಿ ಒಬ್ಬರನ್ನು ಹೊಗಳುವುದೂ ತೆಗಳುವುದೂ ಒಂದೇ ಅಡಿಕೆ ಒಡೆದು ನೋಡಿ ಇಡೀ ಮೂಟೆಗೆ ಬೆಲೆ ಕಟ್ಟಿದಂತೆ.

ಬ್ರಿಟನ್ನಿನ ಕಾಮನ್ಸ್ ಸಭೆ 1836ರಿಂದಲೂ ಮತವಿಭಜನೆಯಲ್ಲಿ ಯಾರು ಯಾವ ಕಡೆ ಮತ ಕೊಟ್ಟರೆಂಬ ಹೆಸರುಪಟ್ಟಿಯನ್ನು ಪ್ರಕಟಿಸುತ್ತಿದೆ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಸಂಘದ ಮಹಾಸಭೆಯಲ್ಲಿ ಠರಾವು ಮಂಡಿಸಿದವರ, ಅನುಮೋದಿಸಿದವರ ಹೆಸರು ನಡವಳಿ ಪುಸ್ತಕದಲ್ಲಿ ಬರೆಯುತ್ತೇವೆ. ಯಾರಾದರೂ ವಿರೋಧವಿದೆ ಬರೆದುಕೊಳ್ಳಿ ಎಂದರೆ ಅದನ್ನೂ ಬರೆಯುತ್ತೇವೆ. ಅರ್ಧ ಮೂಟೆ ಚಾಲಿ ತಂದ ಸದಸ್ಯನಿಗೂ ತೂಕದ ಚೀಟಿ ಕೊಡದೆ ಕಳುಹಿಸುವುದಿಲ್ಲ. ಇಡೀ ಕ್ಷೇತ್ರದ ಮತವನ್ನು ಮೂಟೆ ಕಟ್ಟಿ ಹೊತ್ತೊಯ್ದವರಿಂದ ಚೀಟಿ ಕೇಳುವುದು ಅತಿಯಾಸೆಯೇ?

ನಮ್ಮ ಸಲಹೆ ಇಷ್ಟು. ಮುಂದಿನ ಮಹಾಸಭೆಯಲ್ಲಿ ಎರಡು ಅಂಶಗಳ ಠರಾವು ಮಾಡಿ ಸಭಾಧ್ಯಕ್ಷರಿಗೂ ಎಲ್ಲ ಪಕ್ಷಗಳ ಮುಖಂಡರಿಗೂ ಕಳುಹಿಸೋಣ. ಒಂದು, ಜಮೀನು, ಮಾರುಕಟ್ಟೆ, ಸಹಕಾರ ಕುರಿತ ಮಸೂದೆಗಳನ್ನು ಹೆಸರು ದಾಖಲಾಗುವ ಮತದಿಂದಲೇ ತೀರ್ಮಾನಿಸಿ ಪಟ್ಟಿಯನ್ನು ಪ್ರಕಟಿಸಬೇಕು. ಎರಡು, ಇಂತಹ ಮಸೂದೆಗಳಿಗೆ ವಿಪ್ ಹೊರಡಿಸಬಾರದು. ಇವು ಆಗುವವರೆಗೆ ಸುಮ್ಮನಿರಬೇಕಾಗಿಲ್ಲ. ಪ್ರತಿ ಅಧಿವೇಶನ ಮುಗಿದ ಮೇಲೆ ಸಂಘದ ಪರವಾಗಿ ನಮ್ಮ ಶಾಸಕರಿಗೆ ಒಂದು ಪತ್ರ ಬರೆದು, ನಮ್ಮ ಬೆಳೆಗೆ ಸಂಬಂಧಿಸಿದ ಯಾವ ಮಸೂದೆಗೆ ಏನೆಂದಿರಿ, ಪಕ್ಷದ ನಿಲುವೇನಿತ್ತು, ನಿಮ್ಮ ಸ್ವಂತ ಅಭಿಪ್ರಾಯವೇನು ಎಂಬ ಮೂರು ಪ್ರಶ್ನೆ ಕೇಳೋಣ. ಯಾವ ಪಕ್ಷದವರೇ ಇರಲಿ, ಉತ್ತರ ಬಂದರೆ ಅವರ ಮಾತಿನಲ್ಲಿಯೇ ಈ ಪತ್ರಿಕೆಯಲ್ಲಿ ಅಚ್ಚು ಮಾಡುತ್ತೇವೆ. ಬಾರದಿದ್ದರೆ ಆ ಜಾಗವನ್ನು ಖಾಲಿ ಬಿಡುತ್ತೇವೆ.

ಆರ್.ಟಿ. ನಗರದ ಆ ಹುಡುಗನಿಗೆ ನಾವು ಉತ್ತರ ಬಾಕಿ ಇಟ್ಟುಕೊಂಡು ಬಂದಿದ್ದೇವೆ. ಸದಸ್ಯರು ತಮ್ಮ ಅಭಿಪ್ರಾಯವನ್ನು ಮಹಾಸಭೆಗೆ ಮುಂಚೆ ಸಂಘದ ಕಚೇರಿಗೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ.