ಕಸ ನಮ್ಮದು, ಲಾಭ ಯಾರದು?

ಸಂತೆ ಮುಗಿದ ಮೇಲೆ ಮಾರುಕಟ್ಟೆಯಲ್ಲಿ ಏನು ಉಳಿಯುತ್ತದೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಕೊಳೆತ ಟೊಮೆಟೊ, ಕೋಸಿನ ಎಲೆ, ಬಾಳೆದಿಂಡು, ಹೋಟೆಲಿನ ಎಂಜಲೆಲೆ. ಬೆಳಗಾಗುವಷ್ಟರಲ್ಲಿ ಪೌರಕಾರ್ಮಿಕ ಅಕ್ಕತಂಗಿಯರು ಅದನ್ನು ಬಾಚಿ ಗಾಡಿಗೆ ತುಂಬುತ್ತಾರೆ. ಗಾಡಿ ಯಾವುದೋ ಹಳ್ಳಿಯ ಮಗ್ಗುಲಲ್ಲಿ ಸುರಿದು ಬರುತ್ತದೆ. ಊರು ಚೊಕ್ಕಟವಾಯಿತೆಂದು ನಾವು ಕೈತೊಳೆದುಕೊಳ್ಳುತ್ತೇವೆ. ಆ ಹಳ್ಳಿಯ ಬಾವಿ ಕೆಟ್ಟದ್ದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರದ ಜನ, ಮಂಡೂರಿನ ಜನ ಬೀದಿಗಿಳಿದು ಹೋರಾಡಿದ ಮೇಲೆಯೇ ಅಲ್ಲಿ ಸುರಿಯುವುದು ನಿಂತದ್ದು; ಒಂದು ಕಡೆ 2012ರಲ್ಲಿ, ಇನ್ನೊಂದು ಕಡೆ 2014ರಲ್ಲಿ.

ಈಗ ಗಾಳಿ ತಿರುಗಿದೆ. ಕಸಕ್ಕೆ ಬೆಲೆ ಬಂದಿದೆ. ಬೆಲೆ ಬಂದೊಡನೆ ಅದರ ಸುತ್ತ ದೊಡ್ಡವರ ಓಡಾಟವೂ ಶುರುವಾಗಿದೆ.

ಬೆಲೆ ಬಂದದ್ದೇಕೆ? ಹಸಿಕಸವನ್ನು ನೀರಿನೊಡನೆ ಕಲಸಿ, ಗಾಳಿಯಾಡದ ತೊಟ್ಟಿಯಲ್ಲಿ ಮುಚ್ಚಿಟ್ಟರೆ ಕಣ್ಣಿಗೆ ಕಾಣದ ಜೀವಿಗಳು ಅದನ್ನು ತಿಂದು ಅನಿಲ ಬಿಡುತ್ತವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಉರಿಯುವ ಮೀಥೇನ್. ಒಂದು ಘನ ಮೀಟರ್ ಅನಿಲ ಸುಮಾರು 450 ಗ್ರಾಂ ಸಿಲಿಂಡರ್ ಅನಿಲಕ್ಕೆ ಸಮ. ತೊಟ್ಟಿಯಲ್ಲಿ ಉಳಿದ ಬಗ್ಗಡ ಒಳ್ಳೆಯ ಗೊಬ್ಬರ. ಇನ್ನು ತೆಂಗಿನ ಚಿಪ್ಪು. ಹೆಚ್ಚು ಗಾಳಿ ಹೋಗದಂತೆ ಸುಟ್ಟರೆ ಮೂರು ಪಾಲು ಚಿಪ್ಪಿಗೆ ಒಂದು ಪಾಲಿನಷ್ಟು ಇದ್ದಿಲು. ಆ ಇದ್ದಿಲಿಗೆ ಸುಮಾರು 900 ಡಿಗ್ರಿ ಶಾಖದಲ್ಲಿ ಹಬೆ ಹಾಯಿಸಿದರೆ, ನೀರಿನ ಕೊಳೆ, ವಾಸನೆ ಹೀರುವ ಇಂಗಾಲ. ಚಿಪ್ಪನ್ನು ಚಿಲ್ಲರೆ ಕಾಸಿಗೆ ಮಾರಿದವನೇ ನೀರಿನ ಫಿಲ್ಟರಿಗೆ ಸಾವಿರಾರು ರೂಪಾಯಿ ತೆರುತ್ತಾನೆ. ನಡುವಿನ ಹಣ ಎಲ್ಲಿ ಹೋಯಿತು? ಕುಲುಮೆಯ ಒಡೆಯನಿಗೆ.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಜಶಭಾಯಿ ಪಟೇಲರು 1951ರಲ್ಲೇ 'ಗ್ರಾಮಲಕ್ಷ್ಮಿ' ಎಂಬ ಗೋಬರ್ ಗ್ಯಾಸ್ ತೊಟ್ಟಿ ರೂಪಿಸಿದರು. ಹಿತ್ತಲ ಗಿಡ ಮದ್ದಲ್ಲವಾದ್ದರಿಂದ ಆಳುವವರು ಅದನ್ನು ಹಳ್ಳಿಯ ಆಟವೆಂದು ಬಗೆದರು.

ನಮ್ಮ ನಾಡಿನಲ್ಲೇ, ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ 1987ರಿಂದ ಕೆಲವು ವರ್ಷ ನಡೆದದ್ದನ್ನು ಓದುಗರು ತಿಳಿಯಬೇಕು. ಬೆಂಗಳೂರಿನ ವಿಜ್ಞಾನ ಮಂದಿರದ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿ ಮತ್ತು ಸಂಗಡಿಗರು ಅಲ್ಲಿ ಊರೊಟ್ಟಿನ ಗೋಬರ್ ಗ್ಯಾಸ್ ತೊಟ್ಟಿ ಕಟ್ಟಿಸಿದರು. ಅನಿಲದಿಂದ ಎಂಜಿನ್ ಓಡಿತು. ಮನೆಗೆ ದೀಪ ಬಂತು, ಕೊಳವೆಬಾವಿಯ ನೀರು ನಲ್ಲಿಗೆ ಬಂತು. ಸಗಣಿ ತಂದವರಿಗೆ ತಂದ ತೂಕಕ್ಕೆ ತಕ್ಕ ಹಾಗೆ ಗೊಬ್ಬರ ಮರಳಿ ಸಿಕ್ಕಿತು, ಹೊತ್ತು ತಂದ ಕೂಲಿಯೂ ಸಿಕ್ಕಿತು. ನಮಗೆ ಬೇಕಾದ ಪಾಠ ಈ ಕೊನೆಯ ಮಾತಿನಲ್ಲಿದೆ: ಕಚ್ಚಾಮಾಲು ಕೊಟ್ಟವನಿಗೆ ಪಾಲು.

ಇದರ ಪಕ್ಕದಲ್ಲಿ ಇಂದೋರನ್ನು ಇಟ್ಟು ನೋಡಿ. 2022ರಲ್ಲಿ ಅಲ್ಲಿ ದಿನಕ್ಕೆ 550 ಟನ್ ಹಸಿಕಸ ನುಂಗುವ ಸ್ಥಾವರ ಉದ್ಘಾಟನೆಯಾಯಿತು. ಅದರ ಅನಿಲ ಬಸ್ಸುಗಳಿಗೆ. ಒಳ್ಳೆಯದೇ. ನಾವು ಯಂತ್ರದ ವೈರಿಗಳಲ್ಲ. ಆದರೆ ಮನೆಮನೆಯ ತಾಯಂದಿರು ಹಸಿಕಸ, ಒಣಕಸ ಬೇರೆ ಮಾಡದಿದ್ದರೆ ಆ ಯಂತ್ರ ಒಂದು ದಿನ ಓಡುತ್ತಿತ್ತೇ? ಬೇರ್ಪಡಿಸದ ಕಸದಲ್ಲಿ ಗಾಜು, ಪ್ಲಾಸ್ಟಿಕ್ ಸೇರಿ ತೊಟ್ಟಿ ಕಟ್ಟಿ ನಿಲ್ಲುತ್ತದೆ. ಅಂದಮೇಲೆ ಮೊದಲ ದುಡಿಮೆ ಮನೆಯದು, ಅಂಗಡಿಯದು, ಪೌರಕಾರ್ಮಿಕರದು. ಆ ದುಡಿಮೆಗೆ ಬೆಲೆ ಕಟ್ಟುವವರು ಯಾರು?

2018ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ 5,000 ಅನಿಲ ಸ್ಥಾವರಗಳೆಂದು ಸಾರಿತು. ಗಡುವು ಮುಗಿದರೂ ಲೆಕ್ಕ ಗುರಿಯ ಹತ್ತಿರಕ್ಕೂ ಬರಲಿಲ್ಲ. ದೊಡ್ಡ ಸ್ಥಾವರಕ್ಕೆ ಕಸ ದೂರದಿಂದ ಬರಬೇಕು. ಕಸದಲ್ಲಿ ಮುಕ್ಕಾಲು ಪಾಲು ನೀರು. ನೀರು ಹೊರುವುದಕ್ಕೇ ಡೀಸೆಲ್ ಸುಡಬೇಕು. ಮಾರುಕಟ್ಟೆಯ ಕಸ ಮಾರುಕಟ್ಟೆಯಲ್ಲೇ ಕರಗಿದರೆ ಈ ದಂಡವಿಲ್ಲ.

ಆದ್ದರಿಂದ ನಗರಸಭೆಯ ಮುಂದೆ ನಾವು ಇಡುವ ಬೇಡಿಕೆ ನಾಲ್ಕು. ಮಾರುಕಟ್ಟೆಗೊಂದು ತೊಟ್ಟಿ ನಗರಸಭೆಯ ಒಡೆತನದಲ್ಲೇ ಆಗಲಿ. ಅನಿಲ ಅಲ್ಲಿಯ ಹೋಟೆಲುಗಳಿಗೆ ಹೋಗಲಿ. ಗೊಬ್ಬರ ಸುತ್ತಲ ರೈತರಿಗೆ ತಯಾರಿಕೆಯ ಖರ್ಚಿಗೇ ಸಿಗಲಿ. ಬಂದ ಹಣದಲ್ಲಿ ಪೌರಕಾರ್ಮಿಕರಿಗೆ ಕಾಯಂ ಪಾಲಿರಲಿ. ತೊಟ್ಟಿಯೊಳಗೆ ಮನುಷ್ಯನನ್ನು ಇಳಿಸಬಾರದು. ಆ ವಿಷಗಾಳಿಗೆ ಇಳಿದವನೂ, ಅವನನ್ನು ಎತ್ತಲು ಹೋದವನೂ ಬದುಕಿ ಬರುವುದು ಕಷ್ಟ.

ವ್ಯಾಪಾರಿ ಮಿತ್ರರಿಗೂ ಒಂದು ಮಾತು. ಎರಡು ಬುಟ್ಟಿ ಇಡುವುದು ತಲೆನೋವೆಂದು ನೀವು ಹೇಳುತ್ತೀರಿ. ಬುಟ್ಟಿ ಇಡದವನಿಗೆ ದಂಡದ ರಸೀದಿ ಬರುತ್ತದೆ. ಇಟ್ಟವನಿಗೆ ಪಾಲು ಕೇಳುವ ಹಕ್ಕು ಬರುತ್ತದೆ. ಗಿರಣಿಯ ಗೆಳೆಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಚ್ಚಾಮಾಲು ಒಬ್ಬರದು, ಬೆವರು ಇನ್ನೊಬ್ಬರದು, ಲಾಭ ಮೂರನೆಯವನದು ಎಂಬ ಕಥೆಯನ್ನು ಅವರು ಮಗ್ಗದ ಮುಂದೆ ನಿಂತೇ ಕಲಿತಿದ್ದಾರೆ. ಅದೇ ಕಥೆ ತಿಪ್ಪೆಯ ಮೇಲೂ ನಡೆಯಲು ನಾವು ಬಿಡಬಾರದು.