ಗಾಡಿ ಹೊಳದ್ರ ಸಾಲದು, ಗಾಲಿ ಬಿಚ್ಚಿ ತೋರಸ್ರಿ

ಅಕ್ಕಾ, ವೈನಿ, ಬಾಜೂ ಮನಿ ಕಾಕು, ಎಲ್ಲಾರೂ ಕೇಳ್ರಿ. ಈ ಸಲ ಅಡಗಿ ವಿಷಯ ಅಲ್ಲ, ನಮ್ಮ ಮನ್ಯಾಗ ವಾರದಿಂದ ನಡದ ಜಗಳದ ವಿಷಯ.

ಬರೂ ತಿಂಗಳು ಭಾವನೋರ ಮಗನ ಮದಿವಿ. ಮದುಮಗಳನ್ನ ನಮ್ಮ ಮಾವನೋರ ಹಳೇ ಪದ್ಮಿನಿ ಕಾರಿನ್ಯಾಗ ಮನಿ ತುಂಬಿಸ್ಕೋಬೇಕು ಅಂತ ಗಂಡಸರೆಲ್ಲಾ ಸೇರಿ ಠರಾವು ಮಾಡ್ಯಾರ. 1984ರ ಗಾಡಿ. ಹೊಸಾ ಬಣ್ಣ ಹೊಡಿಸ್ಯಾರ, ಸೀಟಿಗೆ ಕೆಂಪು ರೆಕ್ಸಿನ್ ಹಾಕಿಸ್ಯಾರ, ಬಂಪರ್ ಅಂತೂ ಮಾರಿ ಕಾಣೂಹಂಗ ತಿಕ್ಕ್ಯಾರ. "ಬ್ರೇಕ್ ತೋರಿಸೀರೇನು?" ಅಂತ ಕೇಳಿದ್ದಕ್ಕ ಭಾವನೋರು ನಕ್ಕು, "ಹತ್ತು ಕಿಲೋಮೀಟರ್ ದಾರಿಗೆ ಎಷ್ಟು ಚಿಂತಿ ಮಾಡ್ತೀಯವ್ವಾ, ತುಳಿದರ ನಿಲ್ತದ" ಅಂದ್ರು.

ನನಗ ನಗು ಬರಲಿಲ್ಲ. ಅರಬೈಲ್ ಘಟ್ಟ ನಾ ಮರತಿಲ್ಲ.

1997ರಾಗ ಇದ ಗಾಡಿಯೊಳಗ ಗೋಕರ್ಣಕ್ಕ ಹೊಂಟಿದ್ವಿ. ಹಿಂದ ಅತ್ತಿಯವರು, ನಾನು, ಎರಡು ಸಣ್ಣ ಹುಡುಗರು. ಯಲ್ಲಾಪುರ ದಾಟಿ ಘಟ್ಟದ ಇಳಕಲು ಬಂತು. ಪೆಟ್ರೋಲ್ ಉಳೀತದ ಅಂತ ನಮ್ಮನಿಯವ್ರು ನ್ಯೂಟ್ರಲ್ ಹಾಕಿ ಬರೇ ಬ್ರೇಕಿನ ಮ್ಯಾಲೆ ಇಳಸ್ಲಿಕ್ಕತ್ತಿದ್ರು. ನಾಕನೇ ತಿರುವಿನ್ಯಾಗ ಅವರ ಮಾರಿ ಬಣ್ಣ ಹೋತು. ಪೆಡಲ್ ತುಳಿದ್ರ ಹಿಟ್ಟಿನ ಮುದ್ದಿ ತುಳಿದಂಗ ಕೆಳಗ ಹೋಗ್ಲಿಕ್ಕತ್ತಿತ್ತು. ಮುಂದ ಕಟ್ಟಿಗಿ ಲಾರಿ. ಹೆಂಗೋ ಸೆಕೆಂಡ್ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಜಗ್ಗಿ, ಗುಡ್ಡದ ಬದಿಗೆ ಉಜ್ಜಿ ನಿಲ್ಲಿಸಿದ್ರು. ಎಡಗಡೆ ಬಾಗಲಾ ಪೂರಾ ಕೆತ್ತಿ ಹೋತು. ಸಣ್ಣ ಮಗ ನಕ್ಕೋತ "ಇನ್ನೊಮ್ಮೆ" ಅಂದ. ಅವಗೇನು ಗೊತ್ತು.

ಊರಿಗೆ ಬಂದ ಮ್ಯಾಲೆ ಎಲ್ಲಾರೂ "ದೇವರು ಕಾಯ್ದ" ಅಂದ್ರು. ನಾನೂ ಕಾಯಿ ಒಡಿಸಿದೆ, ಸುಳ್ಳ್ಯಾಕ ಹೇಳ್ಲಿ. ಆದ್ರ ಬ್ರೇಕ್ ಆಯಿಲ್ ಯಾವಾಗ ಬದಲಿ ಮಾಡಿದ್ರಿ ಅಂತ ಒಬ್ಬರೂ ಕೇಳಲಿಲ್ಲ. ನಾ ಗ್ಯಾರೇಜಿಗೆ ಹೋಗಿ ಮಿಸ್ತ್ರಿನ್ನ ಕೇಳಿದೆ. ಡಬ್ಬಿಯೊಳಗಿನ ಆಯಿಲ್ ತೋರಿಸಿದ, ಕಾಫಿ ಡಿಕಾಕ್ಷನ್ ಹಂಗ ಕರ್ರಗ. ಹೊಸಾದು ತಿಳಿ ಬಣ್ಣದ್ದು. ಉಪ್ಪಿನ ಭರಣಿ ಮುಚ್ಚಳ ತೆಗೆದಿಟ್ರ ಮಳಿಗಾಲದಾಗ ನೀರೊಡಿತದಲ್ಲಾ, ಬ್ರೇಕ್ ಆಯಿಲ್ ಕೂಡ ಗಾಳ್ಯಾಗಿನ ತೇವ ಹೀರತದ. ಘಟ್ಟದಾಗ ಒಂದ ಸವನ ತುಳಿದ್ರ ಡ್ರಮ್ ಕಾದು ಕೆಂಡ ಆಗ್ತದ, ಆ ನೀರು ಕುದ್ದು ಗುಳ್ಳಿ ಆಗ್ತದ. ಆಮ್ಯಾಲೆ ನೀವು ತುಳಿಯೂದು ಆಯಿಲ್ ಅಲ್ಲ, ಗುಳ್ಳಿ. ಅದಕ್ಕ ಎರಡು ವರ್ಷಕ್ಕೊಮ್ಮೆ ಬದಲಿ ಮಾಡ್ರಿ ಅಂತಾರ. ಇನ್ನೊಂದು ಮಾತೂ ಹೇಳಿದ: ಈಗಿನ ಗಾಡಿಗೆ ಬ್ರೇಕಿನ ದಾರಿ ಎರಡು, ಒಂದು ಸೋರಿದ್ರ ಇನ್ನೊಂದರ ಹಿಡೀತದ. ನಮ್ಮದಕ್ಕ ಒಂದ ದಾರಿ. ಒಂದು ರಬ್ಬರ್ ನಳಿಗಿ ಒಡದ್ರ ನಾಕೂ ಗಾಲಿದು ಹೋತು.

ನಾವು ಕುಕ್ಕರಿನ ರಬ್ಬರ್ ಸಡ್ಲಾದ್ರ ಸಂಜಿಯೊಳಗ ಹೊಸಾದು ತರ್ತೀವಿ. ಗ್ಯಾಸಿನ ನಳಿಗಿ 5 ವರ್ಷಕ್ಕ ಬದಲಿ ಮಾಡ್ತೀವಿ. ಗಂಡಸರ ಗಾಡಿ ರಬ್ಬರಿಗೆ ಮಾತ್ರ ವಯಸ್ಸ ಆಗೂದಿಲ್ಲೇನು?

ಈಗ ಗಾಲಿ ವಿಷಯ. ಹೋದ ವಾರ ಬಣ್ಣದಾಂವ ನಾಕೂ ಗಾಲಿ ಬಿಚ್ಚಿ ಅಂಗಳದ ಗ್ವಾಡಿಗೆ ಆನಿಸಿದ್ದ. ತುಳಸಿಗೆ ನೀರು ಹಾಕ್ಲಿಕ್ಕೆ ಹೋದಾಗ ನೋಡ್ತೀನಿ, ಒಂದು ಗಾಲಿಯ ತಗಡಿನ ಮ್ಯಾಲೆ, ಬೋಲ್ಟಿನ ತೂತಿನ ಬಾಜೂಕ ಕೂದಲಿನಂಥ ಗೆರಿ. ತುಕ್ಕಿನ ಬಣ್ಣ. ಕರದು ತೋರಿಸೂಣು ಅನ್ನೂದ್ರಾಗ ಒಲಿ ಮ್ಯಾಲಿನ ಹಾಲು ಉಕ್ಕಿತು, ಒಳಗ ಓಡಿದೆ. ಹೊರಗ ಬರೂದ್ರಾಗ ನಾಕಕ್ಕೂ ಬೆಳ್ಳಿ ಬಣ್ಣ ಬಿದ್ದಿತ್ತು. ಈಗ ಯಾವ ಗಾಲಿ ಅಂತ ನನಗೂ ಹೇಳ್ಲಿಕ್ಕೆ ಬರೂದಿಲ್ಲ. ಸಂತಿಯೊಳಗ ಗಡಿಗಿ ತಗೋಬೇಕಾದ್ರ ಬೆರಳಿಲೆ ಬಾರಿಸಿ ಸಪ್ಪಳ ಕೇಳ್ತೀವಿ. ಇಲ್ಲಿ ಬಿರಕಿನ ಮ್ಯಾಲೆ ಬಣ್ಣ ಬಳದು ಮಾಲಿ ಹಾಕ್ತಾರ!

"ಆಗಿನ ತಗಡು ಭಾಳ ಗಟ್ಟಿ" ಅಂತಾರ. ಗಟ್ಟಿ ತಗಡು ಗಾಡಿ ನಿಲ್ಲಸ್ತದೇನ್ರಿ? "ಮುಂಬೈದಾಗ ಇವ ಗಾಡಿ ಟ್ಯಾಕ್ಸಿ ಓಡಿದ್ವು" ಅಂತಾರ. ಖರೆ. ಆದ್ರ ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ ಇತ್ತು, 2023ರ ಅಕ್ಟೋಬರ್ ಕೊನೆಗೆ ಕಡೀ ಪದ್ಮಿನಿನೂ ರಸ್ತೆ ಬಿಟ್ಟಿತು. ಮ್ಯಾಲೆ ಅವು ದಿನಾ ಓಡೂ ಗಾಡಿ, ನಮ್ಮದು ಹನ್ನೊಂದು ತಿಂಗಳು ಶೆಡ್ಡಿನ್ಯಾಗ ನಿಂತು ಖಂಡೇನವಮಿಗೆ ಲಿಂಬಿಹಣ್ಣು ತುಳೀತದ. ನಿಂತ ಗಾಡಿಗೆ ರೋಗ ಹೆಚ್ಚು. ಡ್ರಮ್ಮಿನೊಳಗ ತುಕ್ಕು ಹಿಡದು ಒಂದು ಗಾಲಿ ಗಪ್ಪನೆ ಹಿಡೀತದ, ಇನ್ನೊಂದು ಹಿಡಿಯೂದ ಇಲ್ಲ, ಗಾಡಿ ಒಂದ ಬದಿಗೆ ಜಗ್ಗತದ. ಟಾಯರಿನ ಕಥಿನೂ ಹಿಂಗ. ಮಗ್ಗಲಾಗ ನಾಕು ಅಂಕಿ ಬರದಿರ್ತದ, ಮೊದಲಿನೆರಡು ವಾರ, ಕಡೀವೆರಡು ವರ್ಷ. ಕನ್ನಡಕ ಹಾಕ್ಕೊಂಡು ಓದಿದೆ: ನಮ್ಮವು 11. ಅಂದ್ರ 2011ರಾಗ ತಯಾರಾದವು. ಮ್ಯಾಲಿನ ಗೆರಿ ಸವದಿಲ್ಲ ಅಂತ ಭಾವನೋರಿಗೆ ಅಭಿಮಾನ, ಮಗ್ಗಲದಾಗ ಒಣ ಕೆರಿಯಂಗ ಸೀಳ್ಯಾವ.

ನಾ ಗಾಡಿ ಮಾರ್ರಿ ಅಂದಿಲ್ಲ. ಮಾವನೋರ ನೆನಪು ನನಗೂ ಅದ. ನಾಕೂ ಡ್ರಮ್ ಬಿಚ್ಚಸ್ರಿ, ರಬ್ಬರ್, ಆಯಿಲ್, ಟಾಯರ್ ಹೊಸಾವು ಹಾಕಸ್ರಿ, ಗಾಲಿಯ ಬಣ್ಣ ಕೆರದು ತೋರಸ್ರಿ. ಬ್ಯಾಂಡಿನವರಿಗೆ ಕೊಡೂ ರೊಕ್ಕದ ಮುಂದ ಅದೇನು ದೊಡ್ಡದು? ಅಲ್ಲೀತನಕ ಆ ಹುಡುಗಿ ನನ್ನ ಕೂಡ ಟೆಂಪೋದಾಗ ಬರ್ತಾಳ, ಸೆರಗ ಕಟ್ಟಿಕೊಂಡು ಕೂಡಸ್ತೀನಿ ಅಂತ ಹೇಳೀನಿ.

ಭಾವನೋರು ನನ್ನ ಕೂಡ ಮಾತು ಬಿಟ್ಟಾರ. ನಮ್ಮ ನೆಗೆಣ್ಣಿ ಅಕ್ಕ ಏನೂ ಅನ್ಲಿಲ್ಲ, ಸುಮ್ಮನ ಕಾರಿನ ಕೀಲಿಕೈ ತಗೊಂಡು ತೊಗರಿಬ್ಯಾಳಿ ಡಬ್ಬಿಯೊಳಗ ಹಾಕ್ಯಾಳ. ಅವರು ಮೂರು ದಿನದಿಂದ ಹುಡಕ್ಲಿಕ್ಕತ್ತಾರ. ಅವರು ನಾ ಬರದದ್ದು ಓದೂದಿಲ್ಲ ಅನ್ನೂ ಧೈರ್ಯದ ಮ್ಯಾಲೆ ಇದನ್ನ ಬರದೀನಿ, ನೀವ್ಯಾರೂ ಹೇಳಬ್ಯಾಡ್ರಿ ಮತ್ತ.