ಗುಣವಾದ ಕಾವೇರಿಯನ್ನು ನೋಡಿದವರು ಯಾರು?

ನಮ್ಮೂರಿನಲ್ಲಿ ಹೆಂಗಸೊಬ್ಬಳು ಸ್ವಲ್ಪ ಗಟ್ಟಿಯಾಗಿ ಮಾತಾಡಿದರೆ ಸಾಕು, 'ಏನಮ್ಮ, ಶರಪಂಜರದ ಕಲ್ಪನಾ ಆಗಿಬಿಟ್ಟೆಯಲ್ಲ' ಎಂದು ನಗುವವರಿದ್ದಾರೆ. ಸ್ಕೂಲ್ ಡೇ ಬಂದಾಗ ಮಿಮಿಕ್ರಿ ಮಾಡುವ ಹುಡುಗರಿಗೂ ಅವಳೇ ಬೇಕು. ತಲೆ ಕೆದರಿಕೊಂಡು ಒಂದು ಕಿರಿಚಾಟ, ಒಂದು ನಗು, ಅಷ್ಟಕ್ಕೇ ಚಪ್ಪಾಳೆ. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಅವರು ಚಿತ್ರ ನೋಡಿರುವುದೂ ಅನುಮಾನವೇ. ನನ್ನ ಜಗಳವೇನಿದ್ದರೂ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುವ ದೊಡ್ಡವರ ಜೊತೆ. ಇವರು ಚಿತ್ರ ನೋಡಿದ್ದಾರೆ. ಅತ್ತೂ ಇದ್ದಾರೆ.

ತ್ರಿವೇಣಿಯವರು 'ಶರಪಂಜರ' ಬರೆದದ್ದು ಹುಚ್ಚಿಯ ಕಥೆಯೆಂದು ಯಾರು ಹೇಳಿದರು? ಹೆರಿಗೆಯ ನಂತರ ಕಾವೇರಿಗೆ ಬುದ್ಧಿಭ್ರಮಣೆಯಾಗುತ್ತದೆ, ನಿಜ. ಆದರೆ ಆಸ್ಪತ್ರೆಯಲ್ಲಿ ಅವಳಿಗೆ ಗುಣವಾಗುತ್ತದೆ. ಗುಣವಾಗಿ ಮನೆಗೆ ಬರುತ್ತಾಳೆ. ಕಥೆ ನಿಜವಾಗಿ ಕಚ್ಚುವುದು ಅಲ್ಲಿಂದಾಚೆಗೆ. ಅವಳು ಬೇಜಾರಿನಿಂದ ಸುಮ್ಮನಿದ್ದರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ, ಖುಷಿಯಾಗಿದ್ದರೆ ಹೆದರುತ್ತಾರೆ. ಗಂಡನಿಗೆ ಇನ್ನೊಬ್ಬಳ ಸಂಗವಿದೆ. ಸರಿಯಾಗಿರುವ ಒಬ್ಬ ಹೆಂಗಸನ್ನು ಸರಿಯಿಲ್ಲ ಎಂದು ದಿನವೂ ಸುತ್ತಲಿನವರು ನಂಬಿದರೆ ಅವಳು ಎಷ್ಟು ದಿನ ಸರಿಯಾಗಿದ್ದಾಳು? ಪುಸ್ತಕದಲ್ಲಿ ನಾವು ಅವಳ ಪಕ್ಕದಲ್ಲೇ ಕೂತಿರುತ್ತೇವೆ, ಅವಳ ತಲೆ ನೆಟ್ಟಗಿದೆಯೆಂದು ನಮಗೆ ಗೊತ್ತು. ಮನೆಯವರಿಗೆ ಗೊತ್ತಾಗುವುದಿಲ್ಲ. ಆ ಸಂಕಟವನ್ನು ಪುಟ ಪುಟವೂ ಓದಿ ಅನುಭವಿಸಬೇಕು.

1971ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಚಿತ್ರ ಮಾಡಿದರು. ಅವರನ್ನಾಗಲಿ ಕಲ್ಪನಾರನ್ನಾಗಲಿ ದೂರಿದರೆ ನನ್ನ ನಾಲಿಗೆ ಬಿದ್ದುಹೋದೀತು. ಆ ಗುಣವಾದ ದಿನಗಳ ಮೌನವನ್ನೂ ಆ ಮಹಾತಾಯಿ ಕಣ್ಣಲ್ಲೇ ತೋರಿಸಿದ್ದಾರೆ. ಆದರೆ ಸಿನಿಮಾದ ಜಾಯಮಾನವೇ ಬೇರೆ. ಕೊನೆಯ ಹದಿನೈದು ನಿಮಿಷದ ಅಬ್ಬರದಲ್ಲಿ ಹಿಂದಿನದೆಲ್ಲ ಕೊಚ್ಚಿಹೋಗುತ್ತದೆ. ಜನ ಮನೆಗೆ ಹೊತ್ತು ತಂದದ್ದು ಆ ಕಿರಿಚಾಟವನ್ನು. ನಡುವಿನ ಕಾವೇರಿಯನ್ನು ಥಿಯೇಟರಿನಲ್ಲೇ ಬಿಟ್ಟುಬಂದರು.

ಪುಸ್ತಕ ಓದಿ ಎಂದರೆ ನಮ್ಮ ಸ್ಟಾಫ್ ರೂಮಿನ ಪಂಡಿತರು ಮೂಗು ಮುರಿಯುತ್ತಾರೆ. 'ಅಡಿಗೆಮನೆ ಸಾಹಿತ್ಯ' ಎಂಬ ಮಾತು ಇವತ್ತಿಗೂ ಅವರ ಬಾಯಲ್ಲಿ ಸತ್ತಿಲ್ಲ. ಹಾಗೆನ್ನುವವರೇ 'ಗೆಜ್ಜೆಪೂಜೆ', 'ಎರಡು ಕನಸು', 'ಉಪಾಸನೆ' ಎಂದರೆ ಕಣ್ಣು ಮುಚ್ಚಿ ತಲೆದೂಗುತ್ತಾರೆ. ಎಂ.ಕೆ. ಇಂದಿರಾ, ವಾಣಿ, ದೇವಕಿ ಮೂರ್ತಿಯವರು ಬರೆಯದಿದ್ದರೆ ಆ ಚಿತ್ರಗಳೆಲ್ಲಿ ಇರುತ್ತಿದ್ದವು ಸ್ವಾಮಿ? ಹೆಂಗಸು ಬರೆದಾಗ ಅಡಿಗೆಮನೆಯ ಹೊಗೆ, ಗಂಡಸು ಕ್ಯಾಮೆರಾ ಇಟ್ಟಾಗ ಕಲೆ! ಅಡಿಗೆಮನೆಯೇ ಆಗಲಿ, ನನಗೇನೂ ನಾಚಿಕೆಯಿಲ್ಲ. ಆಸ್ಪತ್ರೆಯಿಂದ ಬಂದವಳ ಕೈಗೆ ಮತ್ತೆ ಬೆಂಕಿಪೊಟ್ಟಣ ಕೊಡುವುದೋ ಬೇಡವೋ, ಅವಳು ಕಲಸಿದ ಅನ್ನವನ್ನು ಮಗುವಿಗೆ ತಿನ್ನಿಸುವುದೋ ಬೇಡವೋ ಎಂಬುದು ತೀರ್ಮಾನವಾಗುವುದು ಅಲ್ಲೇ ತಾನೆ?

ತ್ರಿವೇಣಿಯವರೇನು ಸುಮ್ಮನೆ ಕಣ್ಣೀರು ಕರೆದವರಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. 1928ರಲ್ಲಿ ಹುಟ್ಟಿ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, 34ನೇ ವಯಸ್ಸಿಗೆ ತೀರಿಕೊಂಡರು. ನಮ್ಮಜ್ಜಿಯರು 'ಬಾಣಂತಿ ಸನ್ನಿ' ಎಂದು ದೃಷ್ಟಿ ತೆಗೆಯುತ್ತಿದ್ದ ಕಾಯಿಲೆಯನ್ನು ಅದು ಕಾಯಿಲೆ, ಅದಕ್ಕೆ ಡಾಕ್ಟರಿದ್ದಾರೆ ಎಂದು ಕನ್ನಡದ ಮನೆಮನೆಗೆ ತಿಳಿಸಿದ ಪುಸ್ತಕ ಅವರದು. ಸಾವಿರ ಹೆರಿಗೆಯಲ್ಲಿ ಒಬ್ಬಿಬ್ಬರಿಗೆ ಬರುತ್ತದೆ, ಚಿಕಿತ್ಸೆಯಿಂದ ಹೆಚ್ಚಿನವರು ಸುಧಾರಿಸುತ್ತಾರೆ ಎಂದು ಡಾಕ್ಟರುಗಳೇ ಹೇಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿಯ ಜೊತೆ ಮಗುವನ್ನೂ ಇಟ್ಟುಕೊಂಡು ನೋಡಿಕೊಳ್ಳುವ ವಾರ್ಡು ಇದೆ. ಆಸ್ಪತ್ರೆ ಅಷ್ಟು ಮುಂದೆ ಹೋಗಿದೆ. ನಮ್ಮ ಬೀದಿ?

ನಮ್ಮ ಬೀದಿಯ ಸೊಸೆಯೊಬ್ಬಳಿಗೆ ಹೀಗೇ ಆಗಿ, ಎರಡು ತಿಂಗಳ ನಂತರ ಗುಣವಾಗಿ ಬಂದಳು. ಮಾತ್ರೆ ತಪ್ಪಿಸುತ್ತಿರಲಿಲ್ಲ, ಮನೆಗೆಲಸವೂ ಸರಿಯಾಗಿತ್ತು. ಅತ್ತೆ ಮಾತ್ರ ಮಗುವನ್ನು ರಾತ್ರಿ ತಮ್ಮ ಕೋಣೆಯಲ್ಲಿ ಮಲಗಿಸಿಕೊಂಡು ಅಗುಳಿ ಹಾಕುತ್ತಿದ್ದರು. 'ಅತ್ತರೆ ಶುರುವಾಯ್ತು ಅಂತಾರೆ ಟೀಚರ್, ನಕ್ಕರೂ ಶುರುವಾಯ್ತು ಅಂತಾರೆ' ಎಂದು ಆ ಹುಡುಗಿ ನನ್ನ ಹತ್ತಿರ ಹೇಳಿದ್ದು, ಅದೂ ನಗದೆ, ಅಳದೆ. ಅತ್ತೆಯವರ ಹತ್ತಿರ ಮೆಲ್ಲಗೆ ಕಾವೇರಿಯ ಮಾತೆತ್ತಿದೆ. 'ಅಯ್ಯೋ, ಶರಪಂಜರ ಮೂರು ಸಲ ನೋಡಿದ್ದೀನಿ ಕಣ್ರೀ, ಮೂರು ಸಲವೂ ಸೆರಗೆಲ್ಲ ಒದ್ದೆ' ಎಂದರು. ಆಮೇಲೆ ಎದ್ದುಹೋಗಿ ಸೊಸೆ ಹಚ್ಚಿದ ಒಲೆಯನ್ನು ಒಂದು ಸಲ ನೋಡಿಕೊಂಡು ಬಂದರು.

ಇಂಥವರನ್ನು ಕೆಟ್ಟವರೆಂದರೆ ತಪ್ಪಾಗುತ್ತದೆ. ಆಕೆಗೆ ಮೊಮ್ಮಗುವಿನ ಭಯ. ಆದರೆ ಪರದೆಯ ಮೇಲಿನ ಕಾವೇರಿಗೆ ಮೂರು ಸಲ ಕಣ್ಣೀರಿಟ್ಟವರು ಒಳಕೋಣೆಯ ಕಾವೇರಿಗೆ ಅಗುಳಿ ಹಾಕುವುದಾದರೆ ಆ ಕಣ್ಣೀರು ಯಾವ ಪುರುಷಾರ್ಥಕ್ಕೆ?

'ಕೊನೆಗೆ ಅವಳಿಗೆ ಮತ್ತೆ ಹುಚ್ಚು ಹಿಡಿಯಿತಲ್ಲ, ಜನ ಹೆದರಿದ್ದು ಸರಿಯಾಯಿತಲ್ಲ' ಎಂದು ವಾದಿಸುವ ಜಾಣರೂ ಉಂಟು. ಈ ವಾದ ಕೇಳಿದಾಗ ನನ್ನ ಮೈ ಉರಿಯುತ್ತದೆ. ಕಾವೇರಿಗೆ ಅದು ತಾನಾಗಿ ಮರುಕಳಿಸಿತೇ? ದಿನಕ್ಕಿಷ್ಟು ಎಂದು ಎಲ್ಲರೂ ಸೇರಿ ಅವಳನ್ನು ಆ ಬಾಗಿಲವರೆಗೆ ತಳ್ಳಿಕೊಂಡು ಹೋದರಲ್ಲ! ಗಂಡನ ನಡತೆಗೆ ಯಾವ ಡಾಕ್ಟರೂ ಚೀಟಿ ಬರೆಯಲಿಲ್ಲ. ಅವನು ನೆಟ್ಟಗೇ ಆಫೀಸಿಗೆ ಹೋಗಿಬರುತ್ತಿದ್ದ. ತ್ರಿವೇಣಿಯವರು ಕಾವೇರಿಯನ್ನು ಉಳಿಸಬಹುದಿತ್ತಲ್ಲ ಎಂದು ಹುಡುಗಿಯಾಗಿದ್ದಾಗ ನಾನೂ ಅವರ ಮೇಲೆ ಮುನಿಸಿಕೊಂಡಿದ್ದೆ. 'ಬೆಳ್ಳಿಮೋಡ'ದ ಇಂದಿರೆಗೆ, ಆಸ್ತಿಗಾಗಿ ಬಂದು ಆಸ್ತಿಯಿಲ್ಲವೆಂದು ಬಿಟ್ಟವನನ್ನು ಬೇಡವೆನ್ನುವ ಗಟ್ಟಿತನ ಕೊಟ್ಟವರು ಇವಳಿಗೇಕೆ ಕೊಡಲಿಲ್ಲ? ಈಗ ಅನ್ನಿಸುತ್ತದೆ, ಇಂದಿರೆ 'ಬೇಡ' ಎಂದರೆ ಅದನ್ನು ಮಾತು ಎಂದು ಕೇಳಿಸಿಕೊಳ್ಳುತ್ತಾರೆ. ಕಾವೇರಿ 'ಬೇಡ' ಎಂದಿದ್ದರೆ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದರು.

ಪುಸ್ತಕವನ್ನು ಆ ಹುಡುಗಿಗೆ ಕೊಡಬೇಡಿ ಎಂದು ಅವಳ ತಾಯಿ ಕೈಮುಗಿದರು. ನಾನು ಕೊಟ್ಟದ್ದು ಅವಳಿಗಲ್ಲ, ಅತ್ತೆಗೆ. 'ನೋಡಿದ್ದೇ ಕಥೆ ತಾನೆ' ಎಂದು ಗೊಣಗುತ್ತಲೇ ತೆಗೆದುಕೊಂಡರು. ಹೊಲಿಗೆ ಮೆಷಿನ್ನಿನ ಮೇಲೆ ಇಟ್ಟುಕೊಂಡು ಮಧ್ಯಾಹ್ನ ನಾಲ್ಕು ನಾಲ್ಕು ಪುಟ ಓದುತ್ತಿದ್ದಾರೆ. ಕಾವೇರಿ ಆಸ್ಪತ್ರೆಯಿಂದ ಮನೆಗೆ ಬಂದ ಕಡೆ ಒಂದು ಹೂವಿನ ದಾರ ಇಟ್ಟಿದ್ದಾರೆ. ಒಂದು ವಾರದಿಂದ ಅದು ಅಲ್ಲೇ ಇದೆ.